ಓದುವವರ ಕುರ್ಚಿ

ನಾನು ಒಂದು ಕುರ್ಚಿ. ಸಾಗವಾನಿಯ ಮೈ, ಬೆತ್ತ ಹೆಣೆದ ಮಡಿಲು, ಎತ್ತರದ ಬೆನ್ನು. ಬೆಟಗೇರಿಯ ಮೌನೇಶಪ್ಪ ಬಡಿಗೇರನ ಕೈಯಲ್ಲಿ ಹುಟ್ಟಿದವನು. ಗದಗಿನ ಸ್ಟೇಷನ್ ರಸ್ತೆಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದ ವಾಮನರಾಯರು ನನ್ನನ್ನು ಮಾಡಿಸಿದರು. ಸ್ಟುಡಿಯೋದ ಕುರ್ಚಿ ಅಂದರೆ ರಾಜಕಳೆ ಇರಬೇಕು, ಕೈಗಳ ತುದಿಗೆ ಸಿಂಹದ ಮುಖ ಕೆತ್ತು ಎಂದಿದ್ದರು. ಮೌನೇಶಪ್ಪ ಸಿಂಹವನ್ನು ಕಂಡವನಲ್ಲ. ಓಣಿಯ ನಾಯಿಯನ್ನು ನೋಡಿ ಕೆತ್ತಿ, ಅದರ ಕುತ್ತಿಗೆಯ ಸುತ್ತ ಒಂದಿಷ್ಟು ಕೂದಲು ಕೂರಿಸಿದ. ವಾಮನರಾಯರು ಬಂದು ನೋಡಿ, ಅದರ ಮೂಗು ಸವರಿ, "ಇರಲಿ ಬಿಡಪಾ, ಬೊಗಳೋದಿಲ್ಲಲ್ಲ" ಎಂದರು.

ನನ್ನ ಹರೆಯವೆಲ್ಲ ಸ್ಟುಡಿಯೋದ ದೀಪಗಳ ಮುಂದೆ ಕಳೆಯಿತು. ಹೊಸ ಮದುಮಕ್ಕಳು ಬಂದರು. ದಾಳಿಂಬೆ ಬಣ್ಣದ ಕುಲಾವಿ ಹಾಕಿದ ಕೂಸುಗಳು ಬಂದು ನನ್ನ ಬೆತ್ತವನ್ನು ತೋಯಿಸಿದವು. ಎಂದೂ ಕುರ್ಚಿಯ ಮೇಲೆ ಕೂಡದ ಮುದುಕಿಯರು ಅಂಚಿನಲ್ಲಿ ಒಂದು ಗೇಣಿನಷ್ಟು ಮಾತ್ರ ಊರಿ, ಉಸಿರು ಹಿಡಿದು ಕುಳಿತರು. ವಾಮನರಾಯರ ಕಣ್ಣಿಗೆ ಪೊರೆ ಬಂದಿತು. ಪುಣೆಯಲ್ಲಿ ಆಪರೇಷನ್ ಮಾಡಿಸಿದರೂ ದೃಷ್ಟಿ ಮರಳಲಿಲ್ಲ. ಸ್ಟುಡಿಯೋ ಮುಚ್ಚಿತು. ಆದರೆ ಅವರಿಗೆ ಕಥೆ, ಪದ್ಯ ಕೇಳುವ ಹುಚ್ಚು ಮೊದಲಿನಿಂದಲೂ ಇತ್ತು. ಊರಿನ ಬರೆಯುವವರು ಏಳೆಂಟು ಜನ ಸೇರಿ, ರವಿವಾರಕ್ಕೊಮ್ಮೆ ಕೂಡಲು ಜಾಗ ಹುಡುಕುತ್ತಿದ್ದಾರೆಂದು ತಿಳಿದು, ಆ ಕೋಣೆಯ ಕೀಲಿಯನ್ನೇ ಅವರ ಕೈಗಿಟ್ಟರು; ಆಗಾಗ ತಾವೂ ಕೇಳಲು ಬರುತ್ತಿದ್ದರು.

ಹೀಗೆ ನಾನು ಓದುವವರ ಕುರ್ಚಿಯಾದೆ. ಕೇಳುವವರೆಲ್ಲ ಜಮಖಾನೆಯ ಮೇಲೆ. ಓದುವವನು ಒಬ್ಬನೇ ನನ್ನ ಮೇಲೆ. ಓದುವವನ ತೊಡೆ ಹೇಗೆ ನಡುಗುತ್ತದೆ, ಅಂಗೈ ಎಷ್ಟು ಬೆವರುತ್ತದೆ ಎಂಬುದು ಕೇಳುವವರಿಗೆ ಕಾಣುವುದಿಲ್ಲ. ನನಗೆ ಗೊತ್ತಾಗುತ್ತದೆ.

ನಾನು ಹೇಳಬೇಕೆಂದಿರುವುದು ಗುರುಪಾದ ಕಲ್ಲೂರ ಎಂಬವರ ವಿಷಯ. ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರರು. ಬಿಳಿ ಪೈಜಾಮ, ಜುಬ್ಬಾ, ತುಂಬಿದ ಕಂಠ. ಅವರು ಕಥೆ ಓದತೊಡಗಿದರೆ ಕೆಳಗೆ ರಸ್ತೆಯಲ್ಲಿ ಹೋಗುವವರೂ ನಿಲ್ಲುತ್ತಿದ್ದರು. ಓದಿ ಮುಗಿಸಿದ ಕೂಡಲೇ ಅವರ ಗೆಳೆಯ ರಾಜೇಸಾಬ ನದಾಫ, ಅಂಗಡಿಗಳ ಬೋರ್ಡು ಬರೆಯುವ ಪೇಂಟರು, ತಾನೂ ಕವಿ, "ವ್ಹಾ ಗುರು, ಎದಿಗೆ ನಾಟಿತು" ಎನ್ನುತ್ತಿದ್ದ. ಮುಂದಿನ ರವಿವಾರ ರಾಜೇಸಾಬ ಪದ್ಯ ಓದಿದರೆ ಮಾಸ್ತರರು, "ರಾಜಾ, ನೀ ಬರಿಯೂದಲ್ಲೋ, ಮುತ್ತು ಪೋಣಸ್ತಿ" ಎನ್ನುತ್ತಿದ್ದರು. ಆಮೇಲೆ ಕೆಳಗಿನ ಹೋಟೆಲಿನಿಂದ ಮಿರ್ಚಿ, ಚಹಾ ಬರುತ್ತಿದ್ದವು. ಉಳಿದವರೂ ಹಾಗೆಯೇ. ಯಾರೂ ಯಾರ ಬರಹಕ್ಕೂ ಕೈ ಹಚ್ಚುತ್ತಿರಲಿಲ್ಲ. ಹೀಗೆ ಬಹಳ ವರ್ಷ ಸುಖವಾಗಿ ನಡೆಯಿತು.

ಆ ಕೂಟಕ್ಕೆ ಕಸ್ತೂರಿ ಪತ್ತಾರ ಬಂದಳು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಮೂವತ್ತರ ಆಸುಪಾಸಿನವಳು, ಎರಡು ಕಥೆ ಪತ್ರಿಕೆಯಲ್ಲಿ ಬಂದಿದ್ದವು. ಮೊದಮೊದಲು ಬಾಗಿಲ ಬಳಿ ಕುಳಿತು ಬರೀ ಕೇಳಿಸಿಕೊಳ್ಳುತ್ತಿದ್ದಳು. ಹೊಗಳಿಕೆಯ ಹೊತ್ತಿಗೆ ಮಾತ್ರ ತಲೆ ತಗ್ಗಿಸಿ ಸೆರಗಿನ ಅಂಚು ನೋಡುತ್ತಿದ್ದಳು.

ಒಂದು ರವಿವಾರ ಮಾಸ್ತರರು 'ಹೊಸ್ತಿಲ ಕಣ್ಣೀರು' ಎಂಬ ಕಥೆ ಓದಿದರು. ಒಬ್ಬ ಹೆಂಗಸಿನ ಗಂಡ ಎರಡನೇ ಮದುವೆ ಮಾಡಿಕೊಂಡು ಹೊಸ ಹೆಂಡತಿಯನ್ನು ಮನೆಗೆ ಕರೆತರುತ್ತಾನೆ. ಆ ಹೆಂಗಸು ಹೊಸ್ತಿಲ ಮೇಲೆ ಕುಸಿದು ಅಳುತ್ತಾಳೆ, ಗಂಡನ ಕಾಲು ಹಿಡಿಯುತ್ತಾಳೆ, ಕಡೆಗೆ ಮೌನವಾಗಿ ಮನೆ ಬಿಟ್ಟು ಹೋಗುತ್ತಾಳೆ. ಅದು ಮಾಸ್ತರರ ಅಕ್ಕ ಫಕೀರವ್ವನ ಬದುಕು ಎಂದು ಕೂಟದವರಿಗೆಲ್ಲ ಗೊತ್ತಿತ್ತು. ತಾಯಿಯಿಲ್ಲದ ತಮ್ಮನನ್ನು ತನ್ನ ಜೊತೆ ಇಟ್ಟುಕೊಂಡು ಬೆಳೆಸಿದವಳು, ಗಂಡನನ್ನು ಬಿಟ್ಟ ಮೇಲೆ ಖಾನಾವಳಿ ನಡೆಸಿ ಅವನನ್ನು ಓದಿಸಿದವಳು. ಮಾಸ್ತರರು ಕೊನೆಯ ಹಾಳೆ ಮಡಚಿದರು. ರಾಜೇಸಾಬ ಕಣ್ಣು ಒರೆಸಿಕೊಂಡ. "ಇದಕ್ಕಿಂತ ಮುಂದ ಏನ ಐತಿ ಹೇಳು" ಎಂದ.

ಕಸ್ತೂರಿ ಕೇಳಿದಳು, "ಮಾಸ್ತರ್ರ, ನಾ ಒಂದು ಮಾತು ಹೇಳ್ಲ್ಯಾ?"

"ಹೇಳವಾ."

"ಆ ಹೆಣ್ಣಮಗಳು ಕಥಿತುಂಬ ಅಳ್ತಾಳ. ಆದ್ರ ಒಂದ ಮಾತೂ ಆಡೂದಿಲ್ಲ. ಆಕಿ ಹೆಂಗದಾಳ ಅಂತ ನನಗ ಕಾಣಲೇ ಇಲ್ರಿ. ಆ ಅಳು ಆಕೀದಲ್ಲ, ಬ್ಯಾರೆ ಯಾರೋ ಆಕಿ ಪರವಾಗಿ ಅಳಾಕತ್ತಾರ ಅನಸ್ತೈತಿ. ನೀವು ಅಕ್ಕಾರನ್ನ ಒಮ್ಮೆ ಕೇಳಿ ನೋಡ್ರಿ, ಅವತ್ತ ಏನೇನಾತು ಅಂತ."

ಮಾಸ್ತರರ ಬೆರಳು ನನ್ನ ಕೈಯ ನಾಯಿಮುಖವನ್ನು ಬಿಗಿಯಾಗಿ ಹಿಡಿದವು. ತುಟಿಯ ಮೇಲೆ ನಗೆಯಿತ್ತು. "ನನ್ನ ಅಕ್ಕನ್ನ ನನಗಿಂತ ಛಲೋ ಬಲ್ಲವರು ಬಂದ್ರಪ್ಪಾ" ಎಂದರು. ಎಲ್ಲರೂ ನಕ್ಕರು. ಆ ದಿನ ಚಹಾ ಬೇಗ ಮುಗಿಯಿತು.

ಕೆಲವು ವಾರಗಳ ನಂತರ ಕಸ್ತೂರಿಯ ಸರದಿ ಬಂದಿತು. ಅವಳ ಕಥೆ ಒಬ್ಬ ಅತ್ತೆ, ಒಬ್ಬ ಸೊಸೆಯದು. ಇಬ್ಬರಿಗೂ ಸೇರಿ ಒಂದೇ ಜೊತೆ ಒಳ್ಳೆಯ ಚಪ್ಪಲಿ. ಒಬ್ಬಳು ಹೊರಗೆ ಹೋದರೆ ಇನ್ನೊಬ್ಬಳು ಮನೆಯಲ್ಲಿ. ಚಪ್ಪಲಿಗಾಗಿ ಹುಟ್ಟಿದ ಜಗಳ ಮೆಲ್ಲಗೆ ಏನೋ ಬೇರೆಯೇ ಆಗುತ್ತ ಹೋಗುತ್ತದೆ. ಅವಳು ಓದುವಾಗ ಯಾರೂ ಕೆಮ್ಮಲಿಲ್ಲ. ಮಾಸ್ತರರು ಗೋಡೆಗೆ ಒರಗಿದವರು ನಡುವೆ ಎಲ್ಲೋ ಮುಂದಕ್ಕೆ ಬಾಗಿದ್ದನ್ನು ನಾನು ಕಂಡೆ. ಕಥೆ ಅವರನ್ನು ಹಿಡಿದಿತ್ತು.

ಓದು ಮುಗಿಯಿತು. ಎಲ್ಲರೂ ಮಾಸ್ತರರ ಮುಖ ನೋಡಿದರು. ಅವರು ಮತ್ತೆ ಗೋಡೆಗೆ ಒರಗಿದರು.

"ಇದು ಕಥಿ ಏನು? ಅಡಗೀಮನಿ ಸುದ್ದಿ. ಎಕ್ಸ್‌ಚೇಂಜಿನ್ಯಾಗ ದಿನಾ ಮಂದಿ ಮಾತು ಕದ್ದು ಕೇಳಿ ಕೇಳಿ, ಇವರಿಗೆ ಅದ ಸಾಹಿತ್ಯ ಆಗೇತಿ."

ಯಾರೋ ಕಿಸಕ್ಕನೆ ನಕ್ಕರು. ರಾಜೇಸಾಬ ಜಮಖಾನೆಯ ದಾರ ಕೀಳುತ್ತ ತಲೆ ತಗ್ಗಿಸಿದ. ಕಸ್ತೂರಿಯ ಮೈ ನನ್ನ ಮೇಲೆ ಕಲ್ಲಾಯಿತು. ಅವಳ ನೌಕರಿಯಲ್ಲಿ ಅದಕ್ಕಿಂತ ಕೆಟ್ಟ ಆಪಾದನೆ ಇಲ್ಲ. ಹಾಳೆಗಳನ್ನು ಸರಿಯಾಗಿ ಜೋಡಿಸಿ, ಮಡಚಿ, ಚೀಲಕ್ಕೆ ಹಾಕಿದಳು. "ಬರ್ತೀನ್ರಿ" ಎಂದಳು. ಮೆಟ್ಟಿಲ ಮೇಲೆ ಅವಳ ಹೆಜ್ಜೆಗಳು ಅವಸರವಿಲ್ಲದೆ ಇಳಿದುಹೋದವು. ಮತ್ತೆ ಅವಳು ಬರಲಿಲ್ಲ.

ಮಾಸ್ತರರ ಕಥಾಸಂಕಲನ ಹೊರಬಂದಿತು. 'ಹೊಸ್ತಿಲ ಕಣ್ಣೀರು' ಎಂದೇ ಹೆಸರು. ಮುಖಪುಟವನ್ನು ರಾಜೇಸಾಬನೇ ಬರೆದಿದ್ದ: ಹೊಸ್ತಿಲ ಮೇಲೆ ಮೊಣಕಾಲಿಗೆ ಮುಖ ಹಚ್ಚಿ ಅಳುವ ಹೆಂಗಸು. ಬಿಡುಗಡೆಯ ದಿನ ವೇದಿಕೆಗೆ ಒಳ್ಳೆಯ ಕುರ್ಚಿ ಬೇಕೆಂದು ನನ್ನನ್ನೂ ಹೊತ್ತೊಯ್ದರು. ಲೇಖಕರು ನನ್ನ ಮೇಲೆಯೇ ಕುಳಿತರು.

ಮೊದಲ ಸಾಲಿನಲ್ಲಿ ಫಕೀರವ್ವ ಕುಳಿತಿದ್ದಳು. ಹಸಿರು ಇಳಕಲ್ ಸೀರೆ, ಅಡುಗೆಯ ಬಿಸಿಗೆ ಕೆಂಪಗಾದ ಗಟ್ಟಿ ಕೈಗಳು. ಓದು ಬಾರದವಳು. ತಮ್ಮನ ಪುಸ್ತಕವನ್ನು ಎರಡೂ ಕೈಯಿಂದ ಪ್ರಸಾದದಂತೆ ಹಿಡಿದಿದ್ದಳು. ಬಂದವರಿಗೆಲ್ಲ ಎಂದು ತಾನೇ ಶೇಂಗಾ ಹೋಳಿಗೆ ಮಾಡಿ ತಂದಿದ್ದಳು. ಮಾಸ್ತರರು ಎದ್ದು ಕಥೆಯ ಕೊನೆಯ ಭಾಗವನ್ನು ಓದಿದರು. ಹೆಂಗಸರು ಮೂಗು ಒರೆಸಿಕೊಂಡರು. ಚಪ್ಪಾಳೆ ಬಹಳ ಹೊತ್ತು ನಿಲ್ಲಲಿಲ್ಲ. ಫಕೀರವ್ವ ಮಾತ್ರ ಚಪ್ಪಾಳೆ ಹೊಡೆಯದೆ, ಮುಖಪುಟದ ಚಿತ್ರವನ್ನೇ ನೋಡುತ್ತಿದ್ದಳು.

ಜನರೆಲ್ಲ ಹಿಂದಿನ ಅಂಗಳಕ್ಕೆ ಉಪ್ಪಿಟ್ಟಿಗೆ ಹೋದಾಗ ಅವಳು ಮೆಲ್ಲಗೆ ವೇದಿಕೆ ಹತ್ತಿ ಬಂದು, ನನ್ನ ಕೈ ಹಿಡಿದು ನಿಂತಳು.

"ಗುರು, ಅದ್ಯಾರ ಕಥಿಯೋ, ಓದಿದೆಲ್ಲ?"

"ನಿಂದ ಯಕ್ಕಾ." ಮಾಸ್ತರರ ಮುಖ ಬೆಳಗಿತು.

"ನಂದಾ?" ಅವಳು ಚಿತ್ರ ತೋರಿಸಿದಳು. "ಈಕಿ ನಾನಾ?"

"ಹೂಂ. ಆ ಮನಶಾ ಅಕಿನ್ನ ಕರ್ಕೊಂಡ ಬಂದ್ನಲ್ಲ, ಅವತ್ತಿಂದು."

"ನಾ ಅವತ್ತ ಅತ್ತಿದ್ದಿಲ್ಲಲೋ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ಆಶ್ಚರ್ಯ. "ಹೊಸ ಮದಿಮಗ ಅಂತ ಮೀಸಿಗೆ ಕಪ್ಪು ಹಚ್ಕೊಂಡ ಬಂದಿದ್ದ. ಬಿಸಲಾಗ ಬೆವತು ಅದು ಗದ್ದದ ತನಕ ಇಳದಿತ್ತು. ನಾ ನಕ್ಕಬಿಟ್ಟೆ. ಆ ಹುಡುಗಿ ಪಾಪ, ಮುಂಜಾನಿಂದ ಏನೂ ತಿಂದಿದ್ದಿಲ್ಲ. ರೊಟ್ಟಿ ಬಡದು ಹಾಕಿದೆ. ಆಮ್ಯಾಲ ನನ್ನ ಟ್ರಂಕು, ನನ್ನ ಸ್ಟೋವ್ ತಗೊಂಡು ಹೊಂಟೆ. ಅಳಾಕ ಪುರಸೊತ್ತ ಎಲ್ಲಿತ್ತೋ?"

ಮಾಸ್ತರರು ಕೊರಳ ಹಾರ ತೆಗೆದು ಪಕ್ಕಕ್ಕಿಟ್ಟರು.

"ಅತ್ತಾಂವ ನೀನು. ಅಡಗೀಮನಿ ಬಾಗಲಾ ಹಿಂದ ನಿಂತು." ಅವಳು ಪುಸ್ತಕವನ್ನು ನನ್ನ ಕೈಯ ಮೇಲಿಟ್ಟಳು. "ಮಾರಾಯಾ, ಅವನ ಕಾಲ ನಾ ಎಂದೂ ಹಿಡದಾಕಿ ಅಲ್ಲ. ಇಷ್ಟ ಮಂದಿ ಮುಂದ ನನ್ನ ಅವನ ಕಾಲಿಗೆ ಕೆಡವಿದೆಲ್ಲೋ."

ಆಮೇಲೆ ತಾನೇ ಏನೋ ಹೆಚ್ಚು ಅಂದೆನೆಂದು ತಿಳಿದಳೋ ಏನೋ, ತಮ್ಮನ ಭುಜ ಸವರಿ, "ಇರ್ಲಿ ಬಿಡು. ಬಾ, ಉಪ್ಪಿಟ್ಟು ಆರತೈತಿ" ಎಂದು ಇಳಿದು ಹೋದಳು.

ಮಾಸ್ತರರು ಏಳಲಿಲ್ಲ. ಯಾರೋ ಬಂದು ಹಾರ ಮರೆತಿರಿ ಎಂದು ಮತ್ತೆ ಕೊರಳಿಗೆ ಹಾಕಿ ಹೋದರು. ಆ ಹಾರದ ಕೆಳಗೆ ಅವರ ಎದೆ ಹೇಗೆ ಏರಿಳಿಯುತ್ತಿತ್ತೆಂದರೆ, ಇಂಥವರ ಭಾರ ಹೊರುವುದು ಕಷ್ಟ ಎಂದು ನನಗೆ ಅಂದೇ ಅನಿಸಿತು.

ಸಂಜೆ ಅವರೂ ರಾಜೇಸಾಬನೂ ನನ್ನನ್ನು ಎರಡು ಕಡೆ ಹಿಡಿದು ಸ್ಟುಡಿಯೋಕ್ಕೆ ಹೊತ್ತು ನಡೆದರು. ಗಟಾರದ ಕಟ್ಟೆಯ ಬಳಿ ನನ್ನನ್ನು ಇಳಿಸಿ ದಣಿವಾರಿಸಿಕೊಂಡರು. ಮಾಸ್ತರರು ಅಕ್ಕ ಅಂದದ್ದನ್ನೆಲ್ಲ ಹೇಳಿದರು. ಹೇಳಿ, ಗೆಳೆಯನ ಮುಖ ನೋಡದೆ ಕೇಳಿದರು:

"ಕಸ್ತೂರಿ ಅಂದದ್ದು ಖರೇ ಐತಿ ಅಂತ ನಿನಗ ಅವತ್ತ ಅನ್ನಿಸಿತ್ತೇನೋ ರಾಜಾ?"

ರಾಜೇಸಾಬ ಬೀಡಿ ಹಚ್ಚಿದ. "ಅನ್ನಿಸಿತ್ತು."

"ಮತ್ತ ಯಾಕ ಹೇಳಲಿಲ್ಲ?"

"ನೀ ನನ್ನ ಪದ್ಯಕ್ಕ ಎಂದಾದ್ರೂ ಖರೇ ಹೇಳೀಯೇನು? ನನ್ನ ಪದ್ಯದಾಗ ಅರ್ಧ ಬರೇ ಶಬ್ದ ಅದಾವ. ನಂಗ ಗೊತ್ತೈತಿ. ನಿಂಗೂ ಗೊತ್ತೈತಿ." ಹೊಗೆ ಬಿಟ್ಟು ಮತ್ತೆ ಅಂದ, "ನಾ ನಿಂದು ಮುಚ್ಚಿದೆ, ನೀ ನಂದು ಮುಚ್ಚಿದಿ. ಇದಕ್ಕ ನಾವು ದೋಸ್ತಿ ಅಂದ್ವಿ. ಖರೇ ಹೇಳಾಕ ಬಂದಾಕಿನ್ನ ಇಬ್ಬರೂ ಸೇರಿ ಮೆಟ್ಟಲಾ ಇಳಿಸಿದ್ವಿ. ನೀ ಮಾತಾಡಿ ಇಳಿಸಿದಿ. ನಾ ಸುಮ್ಮನ ಕುಂತು ಇಳಿಸಿದೆ."

ಇಬ್ಬರೂ ಮತ್ತೆ ನನ್ನನ್ನು ಎತ್ತಿಕೊಂಡರು. ದಾರಿಯಲ್ಲಿ ಪರಿಚಯದವರು ಅಭಿನಂದನೆ ಹೇಳಿದಾಗಲೆಲ್ಲ ಮಾಸ್ತರರು ಕೈ ಮುಗಿಯಲಿಕ್ಕೆ ಆಗದವರಂತೆ ನನ್ನನ್ನೇ ಗಟ್ಟಿಯಾಗಿ ಹಿಡಿದುಕೊಂಡರು.

ಆಮೇಲೆ ಕೂಟ ನಡೆಯುತ್ತಿತ್ತು, ಆದರೆ ಮಾಸ್ತರರು ಓದಲಿಲ್ಲ. ಒಮ್ಮೆ ವಾಮನರಾಯರು ಮಗನ ಕೈ ಹಿಡಿದು ಮೇಲೆ ಬಂದು, ಸುತ್ತಲೂ ಕಿವಿಗೊಟ್ಟು, "ಆ ಫೋನಿನ ಹುಡುಗಿ ಧ್ವನಿ ಕೇಳಿ ಭಾಳ ದಿನ ಆತಲ್ಲ. ಬರೋದ ಬಿಟ್ಟಳೇನು? ಯಾಕ?" ಎಂದರು. ಅವಳು ಅವಮಾನಗೊಂಡ ದಿನ ಅವರು ಇರಲಿಲ್ಲ. ಮಾಸ್ತರರು ಬಾಯಿ ತೆರೆದರು. ಕುರುಡನೆದುರು ಕೂಡ ಅವರಿಗೆ ತಲೆ ಎತ್ತಲಾಗಲಿಲ್ಲ. "ಗೊತ್ತಿಲ್ರಿ ರಾಯರ" ಎಂದುಬಿಟ್ಟರು.

ಆ ಉತ್ತರವೇ ಅವರನ್ನು ಹೆಚ್ಚು ತಿಂದಿತೆಂದು ಕಾಣುತ್ತದೆ. ವಾಮನರಾಯರು ತೀರಿಕೊಂಡು, ಕಟ್ಟಡ ಮಾರಾಟವಾಗಿ, ನನ್ನನ್ನು ಏನು ಮಾಡುವುದೆಂಬ ಮಾತು ಬಂದಾಗ, "ಎಲ್ಲಿ ಇಡಬೇಕು ನನಗ ಗೊತ್ತೈತಿ" ಎಂದರು. ಮರುದಿನ ಒಂದು ಕೈಗಾಡಿಯ ಮೇಲೆ ನನ್ನನ್ನು ಹೇರಿ, ಹಾಡಹಗಲೇ ತಾವೇ ನೂಕುತ್ತ ಬೆಟಗೇರಿಯ ಕಡೆ ಹೊರಟರು. ಅವರ ವಿದ್ಯಾರ್ಥಿಗಳು ಕಂಡು ನೂಕಲು ಬಂದರೆ ಬೇಡವೆಂದು ಕಳಿಸಿದರು.

ಕಸ್ತೂರಿ ಬಾಗಿಲು ತೆರೆದಳು. ಮಾಸ್ತರರನ್ನೂ ನನ್ನನ್ನೂ ನೋಡಿದಳು.

"ಕೂಡಾಕ ನಮ್ಮನ್ಯಾಗ ಚಾಪಿ ಐತ್ರಿ ಮಾಸ್ತರ್ರ. ಕುರ್ಚಿ ಯಾಕ ತಂದ್ರಿ?"

"ತಪ್ಪಾತವಾ" ಎಂದರು ಅವರು, ಅಂಗಳದಲ್ಲೇ ನಿಂತು. "ಅವತ್ತ ನಾ ಆಡಿದ್ದು ಬಾಯಾಗ ಹುಳ ಬೀಳೂ ಮಾತು. ಕ್ಷಮಾ ಮಾಡು ಅನ್ನಾಕ ಬಂದೆ."

ಅವಳು ಬಾಗಿಲ ಚೌಕಟ್ಟು ಬಿಟ್ಟು ಸರಿಯಲಿಲ್ಲ. "ಕ್ಷಮಾ ಕೇಳೂದು ಹಗೂರ ಕೆಲಸ್ರಿ. ನನ್ನ ಕಥಿ ಹೆಂಗಿತ್ತು? ಅದನ್ನ ಹೇಳ್ರಿ."

"ಛಲೋ ಇತ್ತು. ಛಲೋ ಇತ್ತಂತನ ನಂಗ ತಡಕೊಳ್ಳಾಕ ಆಗಲಿಲ್ಲ."

"ಬರೇ ಛಲೋ ಅಂದ್ರ ನಾ ಏನ ಮಾಡ್ಲಿ?"

ಮಾಸ್ತರರು ಗಾಡಿಯ ಹಿಡಿಕೆ ಬಿಟ್ಟರು. ಯೋಚಿಸಿದರು. ಆ ಕಥೆ ಅವರಿಗೆ ಇಡಿಯಾಗಿ ನೆನಪಿತ್ತು. ಸೊಸೆ ಚಪ್ಪಲಿ ಹಾಕಿಕೊಂಡು ಹೋಗದೆ, ಅತ್ತೆಯ ಕಾಲಿನ ಬಳಿ ಬಿಟ್ಟು ಬರಿಗಾಲಲ್ಲಿ ಹೊರಡುತ್ತಾಳಲ್ಲ, ಅಲ್ಲಿ ತಮ್ಮ ಮೈ ಜುಮ್ಮೆಂದಿತು ಎಂದರು. ನಡುವೆ ಬರುವ ಮೈದುನ ಏಕೆ ಬೇಕಿತ್ತು ಎಂದರು. "ಕಡೀಗೆ ನೀ ಬರದಿದ್ದೆಲ್ಲ, ಹೆಣ್ಣಿನ ಬಾಳು ಹಂಗ, ಹಿಂಗ ಅಂತ, ಅದು ಬ್ಯಾಡಾಗಿತ್ತು. ಚಪ್ಪಲಿ ಬಿಟ್ಟಲ್ಲೇ ಕಥಿ ಮುಗದಿತ್ತು. ನಮಗ ತಿಳೀತದೋ ಇಲ್ಲೋ ಅಂತ ನೀ ಹೆದರಿದಿ."

ಕಸ್ತೂರಿಯ ಕಣ್ಣು ಕೆಂಪಾದವು. "ಮೈದುನ ಇರ್ಲೇಬೇಕ್ರಿ" ಎಂದಳು. "ಕಡೀ ಮಾತು... ಅದು ನಂಗೂ ಅನ್ನಿಸಿತ್ತು. ಯಾರರೆ ಹೇಳ್ತಾರೇನೋ ಅಂತ ದಾರಿ ನೋಡ್ತಿದ್ದೆ ಅವತ್ತ." ಒಳಗೆ ತಿರುಗಿದವಳು ಹೇಳಿದಳು, "ಕುರ್ಚಿ ಪಡಸಾಲಿಗೆ ತರ್ರಿ. ಬಿಸಲಾಗ ಬೆತ್ತ ಬಿರೀತೈತಿ."

ಅಂದಿನಿಂದ ಕೂಟ ಅವಳ ಪಡಸಾಲೆಗೆ ಬಂದಿತು. ರಾಜೇಸಾಬನೂ ಬಂದ. ಮೊದಲ ದಿನವೇ ಅವಳೆದುರು ಕೈಮುಗಿದು, ತನ್ನ ಪದ್ಯ ಓದಿ, ಎಲ್ಲರ ಕೈಯಲ್ಲೂ ಬೈಸಿಕೊಂಡ. ಮೊದಮೊದಲು ಎಲ್ಲರಿಗೂ ಅದು ಕಷ್ಟವಾಯಿತು. ಒಬ್ಬಿಬ್ಬರು ಮುನಿಸಿಕೊಂಡು ಬಿಟ್ಟೇ ಹೋದರು. ಉಳಿದವರು ಮುಖ ಸಣ್ಣದು ಮಾಡಿಕೊಂಡು ಹೋದರೂ ಮುಂದಿನ ರವಿವಾರ ತಿದ್ದಿಕೊಂಡು ಬರುತ್ತಿದ್ದರು.

ಮಾಸ್ತರರು ಅಕ್ಕನ ಖಾನಾವಳಿಗೆ ಹೋಗಿ ಒಲೆಯ ಮುಂದೆ ಕುಳಿತು, ಆ ದಿನದ ವಿಷಯ ಕೇಳತೊಡಗಿದ್ದರಂತೆ. ಅವಳು ರೊಟ್ಟಿ ಬಡಿಯುತ್ತ ಒಂದಿಷ್ಟು ಹೇಳುವಳು, ನಗುವಳು. ಆದರೆ ಹೊಸದಾಗಿ ಬರೆದದ್ದನ್ನು ಓದಿ ಹೇಳುವಷ್ಟರಲ್ಲಿ ಅವಳಿಗೆ ಪಾರ್ಶ್ವವಾಯು ಬಡಿದು, ಕೆಲವೇ ದಿನಗಳಲ್ಲಿ ತೀರಿಕೊಂಡಳು. ತಮ್ಮನ ಪುಸ್ತಕದಲ್ಲಿ ತಾನು ಗಂಡನ ಕಾಲಿಗೆ ಬಿದ್ದವಳು ಎಂದು ತಿಳಿದುಕೊಂಡೇ ಹೋದಳು.

ಬಹಳ ದಿನಗಳ ನಂತರ ಮಾಸ್ತರರು ಆ ಕಥೆಯನ್ನು ನನ್ನ ಮೇಲೆ ಕುಳಿತು ಓದಿದರು. ತುಂಬಿದ ಕಂಠ ಈಗ ಇರಲಿಲ್ಲ. ಮೆಲ್ಲಗೆ, ಎಡವುತ್ತ ಓದಿದರು. ಕಪ್ಪು ಇಳಿದ ಮೀಸೆ ಬಂದಿತು, ನಗು ಬಂದಿತು, ಹಸಿದ ಹುಡುಗಿಗೆ ಬಡಿದ ರೊಟ್ಟಿ ಬಂದಿತು. ಕಡೆಗೆ ಅಕ್ಕ ಟ್ರಂಕು ಹೊತ್ತು ಹೊರಡುತ್ತಾಳೆ. ಬಾಗಿಲ ಹಿಂದೆ ಅಳುತ್ತಿದ್ದ ತಮ್ಮ ಸ್ಟೋವ್ ಎತ್ತಿಕೊಂಡು ಅವಳ ಹಿಂದೆ ಓಡುತ್ತಾನೆ.

"ಮೊದಲನೇ ಪುಟ ತಗದ ಒಗಿ" ಎಂದ ರಾಜೇಸಾಬ. "ಮೀಸಿಯಿಂದ ಸುರು ಆಗ್ಲಿ." ಕಣ್ಣು ಮಾತ್ರ ಒರೆಸಿಕೊಂಡ.

ಕಸ್ತೂರಿ ಸೆರಗಿನ ಅಂಚು ನೋಡುತ್ತ ಕುಳಿತಿದ್ದಳು. ಮಾಸ್ತರರೇ ಕೇಳಿದರು, "ಯಾಕವಾ? ಹೇಳು."

"ಅಕ್ಕಾರು ಈಗ ಕಾಣಾಕತ್ತಾರ್ರಿ. ಖರೇನ ಕಾಣಾಕತ್ತಾರ." ತಡೆದಳು. "ಆದ್ರ ಆ ಹುಡುಗ ಸ್ಟೋವ್ ಹೊತ್ಕೊಂಡು ಓಡೂದು ಐತಲ್ರಿ, ಅದೊಂದು ನಾ ನಂಬಲಿಲ್ಲ. ಅಷ್ಟೊತ್ತು ತನಕ ನೀವು ಉಸರ ಹಿಡದು ಬರದೀರಿ, ಅಲ್ಲಿ ಬಂದು ಒಮ್ಮೆಲೆ ಹಾಡಾಕ ಹತ್ತೀರಿ. ಆ ಹುಡುಗ ಹೋದ್ನೇನ್ರಿ, ಆಕಿ ಹಿಂದ?"

ಮಾಸ್ತರರ ಅಂಗೈ ಬೆವರಿ ನನ್ನ ಕೈಗೆ ಅಂಟಿಕೊಂಡಿತು. ಅವರ ಕಿವಿಯ ತುದಿಗಳು ಮಗುವಿನವುಗಳಂತೆ ಕೆಂಪಾದವು. ಈ ಸಲ ನಗಲಿಲ್ಲ.

"ಇಲ್ಲ" ಎಂದರು. "ನಾ ಹೋಗಲಿಲ್ಲ."

ಯಾರೂ ಕೇಳದಿದ್ದರೂ ಉಳಿದದ್ದನ್ನೂ ಹೇಳಿದರು. "ಸೈಕಲ್ ಕೊಡಸ್ತೀನಿ ಅಂದಿದ್ದ ಆ ಮನಶಾ. ನಾ ಅಲ್ಲೇ ಉಳದೆ. ದೀಪಾವಳಿ ತನಕ ಅವನ ಮನ್ಯಾಗ ಉಂಡೆ. ಅಕ್ಕ ಸ್ಟೋವ್, ಟ್ರಂಕು ಎರಡೂ ತಾನ ಹೊತ್ಕೊಂಡು ಹೋದ್ಲು. ಊರ ಅಗಸಿಬಾಗಲ ತನಕ ಹೋಗಿ ಒಮ್ಮೆ ತಿರುಗಿ ನೋಡಿದ್ಲು. ನಾ ಬಾಗಲಾ ಹಿಂದ ಸರದೆ. ಆಮ್ಯಾಲ ಸೈಕಲ್ ಬರ್ಲಿಲ್ಲ, ಆಕೀನ ಬಂದು ನನ್ನ ಕರ್ಕೊಂಡು ಹೋದ್ಲು. ಬದುಕಿರೂ ತನಕ ಒಮ್ಮೆನೂ ಆ ಮಾತು ಎತ್ತಲಿಲ್ಲ."

ಕಸ್ತೂರಿ ಸಮಾಧಾನ ಹೇಳಲಿಲ್ಲ. ಬಹುಶಃ ಆ ಹೊತ್ತಿಗೆ ಸಮಾಧಾನವೂ ಒಂದು ಸುಳ್ಳಾಗುತ್ತಿತ್ತು. ಎದ್ದು ಒಳಗಿನಿಂದ ಒಂದು ಪೆನ್ನು ತಂದು ಅವರ ಕೈಗೆ ಕೊಟ್ಟಳು. ಮಾಸ್ತರರು ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು, ಎಲ್ಲರ ಎದುರೇ ಆ ಸಾಲುಗಳನ್ನು ಹೊಡೆದು ಹಾಕಿದರು. ಗೆರೆ ಓರೆಯಾಯಿತು.

ಆ ಕಥೆ ಒಂದು ಸಣ್ಣ ಪತ್ರಿಕೆಯಲ್ಲಿ ಬಂದಿತು. ಓದಿದವರು ಕಡಿಮೆ. ಹಳೆಯ ಪುಸ್ತಕ ಮಾತ್ರ ಊರೂರ ಗ್ರಂಥಾಲಯಗಳಲ್ಲಿ ಕುಳಿತುಬಿಟ್ಟಿತ್ತು. ಮಾಸ್ತರರ ತಲೆ ನರೆತ ಮೇಲೂ ಯಾರಾದರೂ ಹುಡುಕಿಕೊಂಡು ಬಂದು, "ನಿಮ್ಮ ಅಕ್ಕನ ಅಳು ಓದಿ ನಾವೂ ಅತ್ತೀವ್ರಿ" ಎನ್ನುತ್ತಿದ್ದರು. ಅವರು ನೆಲ ನೋಡುತ್ತ, "ಅದು ಸುಳ್ಳ ಐತ್ರಿ, ಇದನ್ನ ಓದ್ರಿ" ಎಂದು ಆ ಸಣ್ಣ ಪತ್ರಿಕೆಯನ್ನು ಅವರ ಕೈಗೆ ತುರುಕುತ್ತಿದ್ದರು. ಆ ನಾಚಿಕೆ ಅವರನ್ನು ಕಡೆಯವರೆಗೂ ಬಿಡಲಿಲ್ಲ.

ಈಗ ಅವರಿಲ್ಲ. ರಾಜೇಸಾಬನೂ ಇಲ್ಲ. ನನ್ನ ಒಂದು ಕಾಲಿಗೆ ಗೆದ್ದಲು ಹತ್ತಿದೆ, ಬೆತ್ತ ಹರಿದಿದೆ. ಮುದುಕಿಯಾದ ಕಸ್ತೂರಿ ನನ್ನನ್ನು ಪಡಸಾಲೆಯ ಮೂಲೆಗೆ ಸರಿಸಿ, ಮೇಲೆ ಒಗೆದ ಬಟ್ಟೆ ಇಡುತ್ತಾಳೆ. ಓದುವವರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂಡುತ್ತಾರೆ. ನನಗೆ ಬೇಸರವಿಲ್ಲ. ನನ್ನ ಮೇಲೆ ಕುಳಿತು ಎಷ್ಟೋ ಜನ "ವ್ಹಾ" ಅನ್ನಿಸಿಕೊಂಡರು; ಅವು ಯಾವುವೂ ನನಗೆ ನೆನಪಿಲ್ಲ. ಯಾರೋ ಒಬ್ಬರು ಪೂರ್ತಿ ಕೇಳಿಸಿಕೊಂಡು, ನೋವಾಗುತ್ತದೆಂದು ತಿಳಿದೂ, "ಇದೊಂದು ನಾ ನಂಬಲಿಲ್ಲ" ಎಂದದ್ದು ನೆನಪಿದೆ. ಅದನ್ನು ಕೇಳಿ ಎದ್ದು ಹೋಗದೆ ಕುಳಿತೇ ಇದ್ದವನ ಭಾರವೂ ನೆನಪಿದೆ. ಅಷ್ಟು ಭಾರವಾದವರು ನನ್ನ ಮೇಲೆ ಮತ್ತೊಬ್ಬರು ಕುಳಿತಿಲ್ಲ.